ಆಕಾಶದಲ್ಲೂ ಹುಬ್ಬಳ್ಳಿ ಕಡೆಗೇ ಇಳಿಜಾರು

ಗಂಡ ಹಾಸನದವನು, ಹೆಂಡತಿ ಹುಬ್ಬಳ್ಳಿಯವಳು, ಬಾಡಿಗೆ ಮನೆ ಗೋವಾದ ಕುಂಕಳ್ಳಿಯಲ್ಲಿ. ಇಂಥ ಸಂಸಾರದಲ್ಲಿ ‘ನಿವೃತ್ತಿಯಾದ ಮೇಲೆ ಎಲ್ಲಿ?’ ಎಂಬ ಪ್ರಶ್ನೆಯನ್ನು ಊಟಕ್ಕೆ ಮುಂಚೆ ಎತ್ತಿದರೆ ಊಟ ತಡವಾಗುತ್ತದೆ, ಊಟವಾದ ಮೇಲೆ ಎತ್ತಿದರೆ ನಿದ್ದೆ ಕೆಡುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ಊಟದ ನಡುವೆಯೇ ಎತ್ತುವ ರೂಢಿ. ಬಾಯಲ್ಲಿ ರೊಟ್ಟಿಯಿದ್ದರೆ ಯಾರ ಉತ್ತರವೂ ಉದ್ದವಾಗುವುದಿಲ್ಲ.

ನಾನು ಇಲ್ಲಿನ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಎಂಟು ಮಿಲಿಮೀಟರಿನ ನಟ್ಟು ಎಲ್ಲಿದೆ ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ರ‍್ಯಾಕು, ಸಾಲು, ಡಬ್ಬಿ ಹೇಳಬಲ್ಲೆ. ಮನೆಯಲ್ಲಿ ನನ್ನ ಕನ್ನಡಕ ಎಲ್ಲಿದೆ ಎಂದು ನಡುಹಗಲು ಕೇಳಿದರೂ ಹೇಳಲಾರೆ. ಕಾರ್ಖಾನೆಯಲ್ಲಿ ‘ಪ್ರತಿ ವಸ್ತುವಿಗೂ ಒಂದು ಜಾಗ’ ಎಂಬ ಬೋರ್ಡನ್ನು ಗೋಡೆಗೆ ಬಡಿಸಿದವನು ನಾನೇ. ಅಂಥದ್ದೇ ಇನ್ನೊಂದನ್ನು ಮನೆಗೂ ತಂದೆ. ಅದನ್ನು ಎಲ್ಲಿ ಇಟ್ಟೆವೋ ಈಗ ಸಿಗುತ್ತಿಲ್ಲ.

ಹಾಸನದ ಪರವಾಗಿ ನನ್ನ ಬಳಿ ಇದ್ದ ವಾದಗಳು ಮೂರು. ತಂಪು ಹವೆ, ಒಳ್ಳೆಯ ಕಾಫಿ, ತಮ್ಮನ ಮನೆ ಹತ್ತಿರ. ಮೂರನೆಯದನ್ನು ಹೇಳಿದ ಕೂಡಲೇ ಮೊದಲೆರಡೂ ಬಿದ್ದುಹೋಗುತ್ತಿದ್ದವು. ಆದ್ದರಿಂದ ನಾಲ್ಕನೆಯದನ್ನು ಆಕಾಶದಿಂದಲೇ ಇಳಿಸಬೇಕಾಯಿತು.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್ ಇದೆ. ಪೂರ್ತಿ ಹೆಸರು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಇನ್ಸಾಟ್ ಉಪಗ್ರಹಗಳ ಸರಣಿ ಶುರುವಾದ 1982ರಲ್ಲಿ ಇಸ್ರೊ ಅದನ್ನು ಅಲ್ಲಿ ಸ್ಥಾಪಿಸಿತು. ಆಗ ನಾನು ಪಿಯುಸಿ ಹುಡುಗ. ಬೇಲಿಯಾಚೆ ದೊಡ್ಡ ಬಿಳಿ ತಟ್ಟೆಗಳು ಮುಖ ಮೇಲೆ ಮಾಡಿ ನಿಂತದ್ದನ್ನು ಸೈಕಲ್ ಮೇಲಿಂದ ನೋಡಿದ್ದಷ್ಟೇ ನನ್ನ ಬಾಹ್ಯಾಕಾಶ ಅನುಭವ, ಒಳಗೆ ಕಾಲಿಟ್ಟವನಲ್ಲ. ಇನ್ಸಾಟ್-1ಎ ಆ ವರ್ಷದ ಏಪ್ರಿಲ್‌ನಲ್ಲಿ ಹಾರಿ ಸೆಪ್ಟೆಂಬರ್‌ನಲ್ಲಿ ಕಣ್ಣು ಮುಚ್ಚಿತು. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆಯ ಹೊಟ್ಟೆಯೊಳಗೆ ಕೂತು ಹೋದ 1ಬಿ ಗಟ್ಟಿಯಾಗಿ ನಿಂತಿತು, ಊರೂರಿಗೆ ಟಿವಿ ಬಂತು. ಕುಂಕಳ್ಳಿಯಲ್ಲಿ ಈ ಕಥೆ ಹೇಳುವಾಗ ನಾನು ‘ಒಂದು ಎ ಹೋಯಿತು, ಆದರೆ ಒಂದು ಬಿಯನ್ನು ನಾವು ಬಿಡಲಿಲ್ಲ’ ಎನ್ನುತ್ತೇನೆ. ಭೋಪಾಲದಲ್ಲೂ ಇಂಥದ್ದೇ ಇನ್ನೊಂದು ನಿಯಂತ್ರಣ ಕೇಂದ್ರವಿದೆ ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಟಿವಿಯ ಡಿಶ್, ಅಂದರೆ ಛತ್ರಿ, ನಮ್ಮ ಮನೆಗೆ ಬಂದದ್ದು ಅತ್ತೆಯವರ ಜೊತೆ. ಹುಬ್ಬಳ್ಳಿಯಿಂದ ಬಂದಿಳಿದ ಅವರು ಮೊದಲು ಕೇಳಿದ್ದು ನೀರಲ್ಲ, ಚಂದನ. ಮೊಬೈಲಿನಲ್ಲಿ ತೋರಿಸಿದೆ. ‘ಅಳಿಯಂದ್ರ, ಇಷ್ಟು ಸಣ್ಣ ಮಂದಿ ನನಗ ಕಾಣೂದಿಲ್ಲ’ ಎಂದರು. ತಿಂಗಳ ಬಿಲ್ಲಿಲ್ಲದೆ ಚಂದನ ಬರುವ ದಾರಿ ದೂರದರ್ಶನದ ಫ್ರೀ ಡಿಶ್. ಒಮ್ಮೆ ತಟ್ಟೆ ಮತ್ತು ಡಬ್ಬಿಯ ದುಡ್ಡು ಕೊಟ್ಟರೆ ಮುಗಿಯಿತು. ‘ಉಚಿತ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನಲ್ಲಿ ಭಕ್ತಿ ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆ ಭಕ್ತಿಯ ವಿಗ್ರಹ, ಫ್ರೀ ಡಿಶ್‌ನ ಚಿತ್ರ ಸುರಿಸುವ ಜಿಸ್ಯಾಟ್-15 ಉಪಗ್ರಹ. 2015ರ ನವೆಂಬರ್ 11ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರೂವಿನಿಂದ ಏರಿಯಾನ್-5 ರಾಕೆಟ್ಟು ಹೊತ್ತೊಯ್ದದ್ದು. ತೂಕ 3,164 ಕಿಲೋ. ಅದರ ಜಾಗ 93.5 ಡಿಗ್ರಿ ಪೂರ್ವ ರೇಖಾಂಶ. ಅಂದರೆ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದ ನಡುವೆ, ಸಮಭಾಜಕ ವೃತ್ತದ ನೆತ್ತಿಯ ಮೇಲೆ 35,786 ಕಿ.ಮೀ. ಎತ್ತರ. ಆ ಎತ್ತರದಲ್ಲಿ ಸುತ್ತುವ ವಸ್ತುವಿಗೆ ಒಂದು ಸುತ್ತಿಗೆ ಬೇಕಾಗುವ ಹೊತ್ತೂ ಭೂಮಿ ತನ್ನ ಅಚ್ಚಿನ ಮೇಲೆ ಒಮ್ಮೆ ತಿರುಗಲು ಬೇಕಾಗುವ ಹೊತ್ತೂ ಒಂದೇ. ಗಂಟೆಗೆ ಹನ್ನೊಂದು ಸಾವಿರ ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇದ್ದರೂ ನಮ್ಮ ತಾರಸಿಗೆ ಅದು ನಿಂತೇ ಇದೆ. ಇಂಥ ಮೂರು ಇದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ಸುದ್ದಿ ಮುಟ್ಟಿಸಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಒಂದು ರೇಡಿಯೊ ಪತ್ರಿಕೆಯಲ್ಲಿ ಲೆಕ್ಕ ಹಾಕಿ ಬರೆದಿದ್ದರು. ಅದನ್ನು ಅವರು ಪೇಟೆಂಟ್ ಮಾಡಿಸಲಿಲ್ಲ. ಆ ಸಂಗತಿ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನನ್ನ ದುಡ್ಡೇ ಹೋದಷ್ಟು.

ಕುಂಕಳ್ಳಿಯಿಂದ ಅದು ಕಾಣುವುದು ಆಗ್ನೇಯಕ್ಕೆ, ನೆಲದಿಂದ 61 ಡಿಗ್ರಿ ಮೇಲೆ. ಅದೇ ಆಗ್ನೇಯದಲ್ಲಿ, ಹತ್ತು ಡಿಗ್ರಿ ಆಚೀಚೆ, ಹಾಸನವೂ ಇದೆ. ಭೂಪಟದ ಮೇಲೆ ಸ್ಕೇಲಿಟ್ಟು ನೋಡಿ ಇದನ್ನು ಕಂಡುಕೊಂಡ ದಿನ ನಾನು ಊಟದ ನಡುವೆ ಘೋಷಿಸಿದೆ: ‘ನಮ್ಮ ಮನೆಯ ತಟ್ಟೆ ಹಾಸನದ ಕಡೆಗೇ ಮುಖ ಮಾಡಿದೆ.’ ಹೆಂಡತಿ ಪಲ್ಯದ ಪಾತ್ರೆಯನ್ನು ನನ್ನಿಂದ ತುಸು ದೂರ ಸರಿಸಿದಳು.

ತಟ್ಟೆ ಕೂರಿಸಿದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಳವಡಿಸಲು ಬಂದ ಹುಡುಗ ಮೊಬೈಲಿನ ದಿಕ್ಸೂಚಿ ನೋಡಿ, ಬೋಲ್ಟು ಬಿಗಿದು, ಚಹಾ ಕುಡಿದು ಹೋದ. ಮೊದಲ ಮಳೆಗಾಳಿಗೆ ತಟ್ಟೆ ಕತ್ತು ತಿರುಗಿಸಿತು. ಎರಡಡಿ ಅಗಲದ ತಟ್ಟೆಯ ನೋಟ ಎರಡು–ಮೂರು ಡಿಗ್ರಿಯಷ್ಟೇ ಅಗಲ. ಅಷ್ಟು ಸರಿದರೆ ಮೇಲಿರುವ ಮೂರು ಟನ್ನಿನ ಯಂತ್ರವೂ ಇಲ್ಲ, ಚಂದನವೂ ಇಲ್ಲ. ಸರಿ, ಸ್ಪ್ಯಾನರ್ ಹಿಡಿದು ನಾನೇ ತಾರಸಿ ಹತ್ತಿದೆ. ಕೆಳಗೆ ಟಿವಿ ಮುಂದೆ ಹೆಂಡತಿ. ನಡುವೆ ಮೆಟ್ಟಿಲ ಮೇಲೆ ಅತ್ತೆ.

ಉಪಗ್ರಹದೊಳಗೆ ಟ್ರಾನ್ಸ್‌ಪಾಂಡರ್ ಎಂಬುದು ಇರುತ್ತದೆ. ಕೆಳಗಿನಿಂದ ಹೋದ ದುರ್ಬಲ ಸಂಕೇತವನ್ನು ಹಿಡಿದು, ಅದರ ಕಂಪನಾಂಕ ಬದಲಿಸಿ, ಬಲ ತುಂಬಿ ಮತ್ತೆ ಭೂಮಿಗೆ ಕಳಿಸುವುದು ಅದರ ಕೆಲಸ. ಅತ್ತೆ ಮೆಟ್ಟಿಲ ಮೇಲೆ ಮಾಡಿದ್ದೂ ಇದನ್ನೇ. ಹೆಂಡತಿ ಒಳಗಿಂದ ಸಣ್ಣ ದನಿಯಲ್ಲಿ ‘ಕಾಣವಲ್ದು’ ಎಂದರೆ ಅದು ಅತ್ತೆಯಿಂದ ಹೊರಬರುವಾಗ ‘ಏನೂ ಕಾಣವಲ್ದಂತ, ನಿಮಗ ಬರದಿದ್ರ ಕೆಳಗ ಇಳೀರಂತ, ಜಾರಿ ಬಿದ್ರ ಮತ್ತ ದವಾಖಾನಿ ಖರ್ಚಂತ!’ ಎಂದಾಗಿರುತ್ತಿತ್ತು. ಮೇಲಿನಿಂದ ಸಂಕೇತ ನಮ್ಮ ತಾರಸಿಗೆ ಬರಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ನಮ್ಮ ನಡುಮನೆಯಿಂದ ತಾರಸಿಗೆ ‘ಬಂತು’ ಎಂಬ ಎರಡಕ್ಷರ ತಲುಪುವಷ್ಟರಲ್ಲಿ ನಾನು ತಟ್ಟೆಯನ್ನು ಮುಂದಿನ ಡಿಗ್ರಿಗೆ ಒಯ್ದು ಅದು ಹೋಗಿರುತ್ತಿತ್ತು. ‘ಬಂತಂತ!’ ಎಂದು ಅತ್ತೆ ಕೂಗಿದಾಗ ಒಳಗೆ ‘ಹೋತು’, ‘ಹೋತಂತ!’ ಎಂದಾಗ ಒಳಗೆ ‘ಬಂತು’. ಕೊನೆಗೆ ಚಿತ್ರ ನಿಂತದ್ದು ನಾನು ಬೇಸತ್ತು ಸ್ಪ್ಯಾನರ್ ಕೆಳಗಿಟ್ಟಾಗ. ಆ ಸಂಭ್ರಮದಲ್ಲೇ ನನ್ನ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಅದನ್ನು ಫ್ರೋಜನ್ ಶೋಲ್ಡರ್ ಎಂದರು. ಕುಂಕಳ್ಳಿಯ ಸೆಕೆಯಲ್ಲಿ ನನ್ನ ಮೈಯ ಒಂದು ಭಾಗವಾದರೂ ಹೆಪ್ಪುಗಟ್ಟಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಭುಜದ ನೆಪದಲ್ಲಿ ನೀರಿನ ಕೊಡ, ಬಟ್ಟೆ ಒಣಹಾಕುವುದು, ಮೇಲಿನ ಕಪಾಟು ಎಲ್ಲದರಿಂದಲೂ ರಜೆ ಸಿಕ್ಕಿತು. ರಜೆಯಲ್ಲಿ ಸುಮ್ಮನಿರಲಾರದೆ ಅತ್ತೆಗೆ ‘ಆ್ಯಪಲ್’ ಉಪಗ್ರಹದ ಕಥೆ ಹೇಳಿದೆ. 1981ರ ಜೂನ್ 19ರಂದು ಹಾರಿದ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಜೋಡಿಸಿದ, ಭಾರತದ ಮೊದಲ ಸ್ಥಿರಕಕ್ಷೆಯ ಸಂಪರ್ಕ ಉಪಗ್ರಹ. ಲೋಹದ ಗಾಡಿಯ ಮೇಲಿಟ್ಟರೆ ಆಂಟೆನಾ ಪರೀಕ್ಷೆ ಕೆಡುತ್ತದೆಂದು ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ್ದರು. ಆ ಫೋಟೊ ಈಗ ಜಗತ್ಪ್ರಸಿದ್ಧ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮಾತಿನ ಭರದಲ್ಲಿ, ಮೇಲೆ ಹೋದ ಮೇಲೆ ಅದರ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ, ಆದರೂ ಅದು ಎರಡು ವರ್ಷಕ್ಕೂ ಮಿಕ್ಕಿ ದುಡಿಯಿತು ಎಂದೂ ಹೇಳಿಬಿಟ್ಟೆ.

ಅತ್ತೆ ಮಗಳನ್ನು ಕರೆದರು. ‘ಕೇಳಿಲ್ಲೆ. ಒಂದ ರೆಕ್ಕಿ ಬಿಚ್ಚಲಿಲ್ಲಂತ. ಆದ್ರೂ ಎರಡ ವರ್ಷ ದುಡೀತಂತ.’

ಮರುದಿನದಿಂದ ಎಡಗೈಯಲ್ಲಿ ನೀರು ತರುತ್ತಿದ್ದೇನೆ.

ಇನ್ನು ತೆಂಗಿನಮರದ ವಿಷಯ. ತಾರಸಿಯ ಆಗ್ನೇಯಕ್ಕೆ, ಗೋಡೆಗೆ ತಾಗಿಕೊಂಡೇ ಮನೆ ಮಾಲೀಕರ ತೆಂಗಿನಮರವೊಂದಿದೆ. ಊರೆಲ್ಲ ‘ಬಾಬ್’ ಎನ್ನುವ ಸಾಧು ಮನುಷ್ಯ ಅವರು. ಬಾಡಿಗೆ ಎರಡು ದಿನ ತಡವಾದರೂ ಕೇಳುವವರಲ್ಲ. ಗಾಳಿ ಬೀಸಿದರೆ ಮರದ ಗರಿಯೊಂದು ಜಿಸ್ಯಾಟ್-15ಕ್ಕೂ ನಮ್ಮ ಅತ್ತೆಗೂ ನಡುವೆ ಬರುತ್ತಿತ್ತು. ಮರದ ಎತ್ತರ, ಗೋಡೆಯಿಂದ ದೂರ, 61 ಡಿಗ್ರಿ ಕೋನ ಎಲ್ಲವನ್ನೂ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿ, ಎರಡೇ ಗರಿ ಕತ್ತರಿಸಿದರೆ ಸಾಕೆಂದು ಸಾಧಿಸಿ, ಕ್ಯಾಲೆಂಡರನ್ನೇ ಹಿಡಿದು ಬಾಬರ ಬಳಿ ಹೋದೆ. ಅವರು ಕ್ಯಾಲೆಂಡರನ್ನು ತಿರುಗಿಸಿ ಏಕಾದಶಿ ಯಾವತ್ತು ಎಂದು ನೋಡಿಕೊಂಡು, ‘ಹಾಂವ್ ಮಾಡ್ ಕಾತರ್ಚೊ ನಾ’ (ನಾನು ತೆಂಗು ಕತ್ತರಿಸುವುದಿಲ್ಲ) ಎಂದು ನಗುತ್ತಲೇ ಹೇಳಿದರು.

ಗೋವಾದಲ್ಲಿ ತೆಂಗಿನಮರ ಸಾಮಾನ್ಯ ಆಸಾಮಿಯಲ್ಲ. 1984ರ ವೃಕ್ಷ ಸಂರಕ್ಷಣಾ ಕಾಯ್ದೆಗೆ ಇಲ್ಲಿನ ವಿಧಾನಸಭೆ 2016ರಲ್ಲಿ ತಿದ್ದುಪಡಿ ತಂದು, ತೆಂಗು ಕಾನೂನಿನ ಲೆಕ್ಕದಲ್ಲಿ ಮರವೇ ಅಲ್ಲ ಎಂದಿತು. ರಾಜ್ಯವೆಲ್ಲ ಗದ್ದಲವಾಯಿತು. ಮರುವರ್ಷ ಬಂದ ಹೊಸ ಸರ್ಕಾರ ತೆಂಗನ್ನು ಮತ್ತೆ ಮರವಾಗಿಸಿತು, ರಾಜ್ಯವೃಕ್ಷದ ಪಟ್ಟವನ್ನೂ ಕಟ್ಟಿತು. ಅಂದರೆ ಸುಮಾರು ಒಂದೂವರೆ ವರ್ಷ ಗೋವಾದ ತೆಂಗಿನಮರಗಳು ತಾವು ಏನೆಂದೇ ತಿಳಿಯದೆ ಕಾಯಿ ಬಿಟ್ಟವು. ನಾನು ಛತ್ರಿ ಹಾಕಿಸಿದ್ದು ಅದಕ್ಕೆ ಪಟ್ಟ ಸಿಕ್ಕಿದ ಮೇಲೆ. ಎಲ್ಲ ಕೆಲಸಕ್ಕೂ ನಾನು ಹೀಗೇ ತಡ.

ಅಲ್ಲದೆ ಇದು ಕುಂಕಳ್ಳಿ. 1583ರಲ್ಲೇ ಪೋರ್ಚುಗೀಸರಿಗೆ ಎದುರು ನಿಂತ ಊರು. ಇಲ್ಲಿಯ ಮುಖಂಡರನ್ನು ಮಾತುಕತೆಗೆಂದು ಅಸೊಳ್ಣೆಯ ಕೋಟೆಗೆ ಕರೆಸಿ ಕೊಂದರು. ಆದರೂ ಊರು ಬಗ್ಗಲಿಲ್ಲ. ಇಂಥ ನೆಲದಲ್ಲಿ ನಿಂತು ಎರಡು ತೆಂಗಿನ ಗರಿಗೆ ಕೈ ಜೋಡಿಸಿದವನು, ಮನೆಯಲ್ಲಿ ಒಂದು ಹೋಳಿಗೆ ಬೇಡ ಎನ್ನಲೂ ಧೈರ್ಯವಿಲ್ಲದವನು, ನಾನೊಬ್ಬನೇ ಇರಬೇಕು. ತಟ್ಟೆಯನ್ನೇ ತಾರಸಿಯ ಇನ್ನೊಂದು ಮೂಲೆಗೆ ಸರಿಸಿದೆವು. ಸರಿಸಿದವನು ಬಾಬರ ಮಗ. ನಾನು ಎಡಗೈಯಿಂದ ದಿಕ್ಕು ತೋರಿಸಿದೆ.

ಜುಲೈ ಬಂದರೆ ಮರವೂ ಬೇಡ. ಚಂದನ ಬರುವ ಕೆಯು ಬ್ಯಾಂಡ್ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಸುಮಾರು. ತಟ್ಟೆ ಚಿಕ್ಕದಾದರೂ ಸಾಕಾಗುವುದು ಆ ಸಣ್ಣ ಅಲೆಯ ದೆಸೆಯಿಂದ. ಜೋರು ಮಳೆಯ ಹನಿಗಳು ಅದನ್ನು ಹೀರಿ, ಚದುರಿಸಿ ಕೆಡಿಸುವುದೂ ಅದರ ದೆಸೆಯಿಂದಲೇ. ಹಿಂದೆ ಕೇಬಲ್‌ನವರ ಮಹಡಿಗಳ ಮೇಲೆ ಎಂಟಡಿ ಬಾಣಲೆಗಳಿದ್ದವಲ್ಲ, ಆ ಸಿ ಬ್ಯಾಂಡಿನ ಅಲೆಗೆ ಮಳೆಯ ಗೊಡವೆ ಅಷ್ಟಿಲ್ಲ. ಈ ವ್ಯತ್ಯಾಸವನ್ನು ನಾನು ಅತ್ತೆಗೆ ಬಿಡಿಸಿ ಹೇಳುತ್ತಿದ್ದಾಗ ಟಿವಿಯಲ್ಲಿ ಸೊಸೆಯೊಬ್ಬಳು ಬಾಗಿಲು ತೆರೆಯುವ ಭಂಗಿಯಲ್ಲೇ ಚೌಕಚೌಕವಾಗಿ ಒಡೆದು ನಿಂತಿದ್ದಳು. ಮಳೆ ನಿಲ್ಲುವವರೆಗೂ ಅವಳು ಬಾಗಿಲು ತೆರೆಯಲಿಲ್ಲ, ನಾನು ಮಾತು ನಿಲ್ಲಿಸಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಹಿಂಸೆ ಎಂದು ತಾಯಿ ಮಗಳು ಅಡುಗೆಮನೆಯಲ್ಲಿ ಚರ್ಚಿಸಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಸಂಕೇತಕ್ಕೆ ಮಳೆ ಅಡ್ಡ ಬರುವುದಿಲ್ಲ.

ಮಳೆಯಿಲ್ಲದ ದಿನಗಳಲ್ಲೂ ಒಂದು ಆಪತ್ತಿದೆ. ಮಾರ್ಚ್ ನಡುವಿನಲ್ಲಿ ಹಾಗೂ ಸೆಪ್ಟೆಂಬರ್ ಕೊನೆಗೆ ನಾಲ್ಕಾರು ದಿನ, ಹಗಲು ಹನ್ನೊಂದರ ಆಚೀಚೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬರುತ್ತಾನೆ. ಸೂರ್ಯನದೇ ರೇಡಿಯೊ ಗದ್ದಲ ತಟ್ಟೆಗೆ ತುಂಬಿ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಮಾರ್ಚ್ ಆಸುಪಾಸು ಕುಂಕಳ್ಳಿಯಲ್ಲಿ ಶಿಗ್ಮೊ ಕಾಲ. ಹಿಂದೆ ಇಲ್ಲೇ ಇದ್ದು ಪೋರ್ಚುಗೀಸರ ಕಾಲದಲ್ಲಿ ಫಾತರ್ಪೆಗೆ ಹೋದ ಶಾಂತಾದುರ್ಗಾ ಕುಂಕಳ್ಳಿಕಾರೀಣ್ ದೇವಿ ಛತ್ರಿಗಳ ಮೆರವಣಿಗೆಯಲ್ಲಿ ತನ್ನ ಹಳೆಯ ಊರಿಗೆ ಬರುವ ಹಬ್ಬ ಆಗಲೇ. ಹನ್ನೆರಡು ವಾಂಗಡಗಳ (ಮನೆತನಗಳ) ಬಣ್ಣದ ಛತ್ರಿಗಳು, ಗುಲಾಲು, ಡೋಲು. ದಾರಿ ತುಂಬ ಜನ. ಒಮ್ಮೆ ಆ ಹೊತ್ತಿಗೇ ನಮ್ಮ ಟಿವಿ ಮಂಕಾಯಿತು. ನಾನು ಸೂರ್ಯನ ಕ್ರಾಂತಿಕೋನ ವಿವರಿಸಲು ಎದ್ದು ನಿಂತೆ. ಅತ್ತೆ ಸೆರಗು ಸರಿಮಾಡಿಕೊಂಡು, ‘ತವರಿಗೆ ಬರೂ ದೇವಿನ್ನ ಬಿಟ್ಟು ನಿಮ್ಮ ಸೂರ್ಯನ್ನ ಯಾರ ನೋಡ್ತಾರ’ ಎಂದು ಮಗಳನ್ನು ಕರೆದುಕೊಂಡು ಮೆರವಣಿಗೆಗೆ ಹೋದರು. ಸಭಿಕರಿಲ್ಲದ ಉಪನ್ಯಾಸವನ್ನು ಕುರ್ಚಿಗಳಿಗೆ ಮುಗಿಸಿದೆ.

ಇಷ್ಟೆಲ್ಲದರ ನಡುವೆ ಒಂದು ಹೆಮ್ಮೆಯೂ ಇದೆ. ಕ್ರಿಕೆಟ್ ಪಂದ್ಯ ಫ್ರೀ ಡಿಶ್‌ನಲ್ಲಿ ಬಂದ ದಿನ, ಬಾಬರ ಮಗ ಅದನ್ನೇ ಮೊಬೈಲಿನ ಇಂಟರ್‌ನೆಟ್ಟಿನಲ್ಲಿ ನೋಡುತ್ತಿರುತ್ತಾನೆ. ಇಂಟರ್‌ನೆಟ್ಟಿನ ಚಿತ್ರ ಅಲ್ಲಿಲ್ಲಿ ಕೂಡಿಟ್ಟುಕೊಂಡು ನಿಧಾನವಾಗಿ ಬರುತ್ತದೆ. 72 ಸಾವಿರ ಕಿ.ಮೀ. ಹೋಗಿಬರುವ ನಮ್ಮದು ಅದಕ್ಕಿಂತ ಮುಂಚೆ. ಅವನ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡುತ್ತಿರುವಾಗಲೇ ನಮ್ಮ ಅತ್ತೆ ‘ಅಯ್ಯ, ಹೋದ!’ ಎಂದು ಚೀರಿರುತ್ತಾರೆ. ಆ ಹುಡುಗ ಈಗ ಪಂದ್ಯದ ದಿನ ಕಿಟಕಿ ಮುಚ್ಚಿಕೊಳ್ಳುತ್ತಾನೆ. ಕುಂಕಳ್ಳಿಯಲ್ಲಿ ನಾನು ಯಾವುದರಲ್ಲಾದರೂ ಮುಂದಿದ್ದರೆ ಅದು ಇದೊಂದರಲ್ಲೇ.

ಮೇಲಿನ ವ್ಯವಹಾರವೂ ಬಾಡಿಗೆಯದ್ದೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಟ್ರಾನ್ಸ್‌ಪಾಂಡರುಗಳನ್ನು ಟಿವಿ ಕಂಪನಿಗಳು ಬಾಡಿಗೆಗೆ ಹಿಡಿಯುತ್ತವೆ. ಇಂಥ ವ್ಯಾಪಾರ ನೋಡಿಕೊಳ್ಳಲೆಂದು 2019ರಲ್ಲಿ ಬೆಂಗಳೂರಿನಲ್ಲಿ ನ್ಯೂಸ್ಪೇಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಮೊದಲೇ ಗಿರಾಕಿಯನ್ನು ಗೊತ್ತುಮಾಡಿಕೊಂಡು ಉಪಗ್ರಹ ಕಟ್ಟಿಸುವ ಪದ್ಧತಿಯಲ್ಲಿ ಅದು 2022ರ ಜೂನ್‌ನಲ್ಲಿ ನಾಲ್ಕು ಟನ್ನಿಗೂ ಮಿಕ್ಕಿದ ಜಿಸ್ಯಾಟ್-24 ಹಾರಿಸಿತು. 24 ಟ್ರಾನ್ಸ್‌ಪಾಂಡರುಗಳ ಇಡೀ ಉಪಗ್ರಹ ಟಾಟಾ ಪ್ಲೇ ಒಂದಕ್ಕೇ. ಅದರ ಆಯುಸ್ಸು 15 ವರ್ಷ. ‘ಅದಕ್ಕ ಹದಿನೈದು ವರ್ಷ. ನಮ್ಮ ಕರಾರು ಹನ್ನೊಂದ ತಿಂಗಳು’ ಎಂದರು ಅತ್ತೆ. ಬಾಡಿಗೆ ಮಾತು ಬಂದರೆ ಸ್ವಂತ ಮನೆಯ ಮಾತು ಬರುತ್ತದೆ, ಸ್ವಂತ ಮನೆಯ ಮಾತು ಬಂದರೆ ಹುಬ್ಬಳ್ಳಿ ಬರುತ್ತದೆ. ಬಂತು.

ಆಗ ನಾನು ಹಾಸನದ ಬ್ರಹ್ಮಾಸ್ತ್ರ ತೆಗೆದೆ. ಸ್ಥಿರ ಉಪಗ್ರಹ ಎನ್ನುತ್ತೇವೆ, ಆದರೆ ಅದು ತನ್ನಷ್ಟಕ್ಕೆ ಸ್ಥಿರವಲ್ಲ. ಸೂರ್ಯಚಂದ್ರರು ಅದನ್ನು ಉತ್ತರ ದಕ್ಷಿಣಕ್ಕೆ ಎಳೆಯುತ್ತಲೇ ಇರುತ್ತಾರೆ. ಹಾಸನದವರು ಹಗಲೂ ರಾತ್ರಿ ಕಣ್ಣಿಟ್ಟು, ಆಗಾಗ ಅದರ ಪುಟ್ಟ ಎಂಜಿನುಗಳನ್ನು ಉರಿಸಿ, ಮತ್ತೆ ಜಾಗಕ್ಕೆ ತರುತ್ತಾರೆ. ಡಿಗ್ರಿಯ ಹತ್ತನೇ ಒಂದು ಭಾಗ ಆಚೆ, ಅಷ್ಟೇ ಈಚೆ. ಆ ಪೆಟ್ಟಿಗೆಯಿಂದ ಹೊರಗೆ ಹೋಗಕೂಡದು. ‘ಪ್ರತಿ ವಸ್ತುವಿಗೂ ಒಂದು ಜಾಗ. ಜಗತ್ತಿನಲ್ಲಿ ಇದನ್ನು ಬಲ್ಲವರು ಹಾಸನದವರು’ ಎಂದೆ. ನಿವೃತ್ತ ಸ್ಟೋರ್‌ಕೀಪರ್ ಅಂಥ ಊರಲ್ಲಿರಬೇಕು ಎಂಬುದು ತಾತ್ಪರ್ಯ.

‘ಆ ಪೆಟಿಗಿ ಎಷ್ಟು ದೊಡ್ಡದೈತ್ರೀ?’ ಹೆಂಡತಿ ಕೇಳಿದಳು.

ಆ ಎತ್ತರದಲ್ಲಿ ಅಷ್ಟು ಕೋನ ಎಂದರೆ ಸುಮಾರು ನೂರೈವತ್ತು ಕಿಲೋಮೀಟರ್ ಅಗಲ ಎಂದೆ.

‘ನೂರೈವತ್ತು ಕಿಲೋಮೀಟರ್! ನಿಮ್ಮ ಕನ್ನಡಕಾನೂ ಅಷ್ಟರೊಳಗ ಐತ್ರೀ.’

ಸೋಲೊಪ್ಪದೆ ಪೂರ್ವ ಪಶ್ಚಿಮದ ವಿಷಯಕ್ಕೆ ತಿರುಗಿದೆ. ಅದನ್ನು ನಾನು ಆವತ್ತೇ ಮಧ್ಯಾಹ್ನ ಓದಿದ್ದೆ, ಪೂರ್ತಿ ಅಲ್ಲ. ಭೂಮಿಯ ನಡು ಸರಿಯಾದ ವೃತ್ತವಲ್ಲ, ತುಸು ಅಂಡಾಕಾರ ಎಂದೆ. ಅತ್ತೆ ನನ್ನ ನಡುವನ್ನು ನೋಡಿದರು, ಮಾತಾಡಲಿಲ್ಲ. ಆ ಅಂಕುಡೊಂಕಿನಿಂದಾಗಿ ಸ್ಥಿರಕಕ್ಷೆಯಲ್ಲಿ ಎರಡು ತಗ್ಗುಗಳಿವೆ. ಬ್ರೇಕು ಹಾಕುವವರಿಲ್ಲದ ಉಪಗ್ರಹ ನಿಧಾನವಾಗಿ ಹತ್ತಿರದ ತಗ್ಗಿನ ಕಡೆ ಜಾರತೊಡಗುತ್ತದೆ. ಒಂದು ತಗ್ಗು ಅಮೆರಿಕದ ಕಡೆ, 105 ಡಿಗ್ರಿ ಪಶ್ಚಿಮದಲ್ಲಿ. ಇನ್ನೊಂದು 75 ಡಿಗ್ರಿ ಪೂರ್ವದಲ್ಲಿ. ನಮ್ಮ ಜಿಸ್ಯಾಟ್-15 ಕೈಬಿಟ್ಟರೆ ಜಾರುವುದು ಈ ಎರಡನೆಯದರ ಕಡೆಗೆ.

‘75 ಅಂದ್ರ ಎಲ್ಲಿ?’

ಎಂದಿನಂತೆ ಅಟ್ಲಾಸ್ ತೆಗೆದೆ. ಕುಂಕಳ್ಳಿ 74 ಡಿಗ್ರಿ. ಹಾಸನ 76. ನಡುವೆ 75ರ ಗೆರೆಯ ಮೇಲೆ ಬೆರಳಿಟ್ಟುಕೊಂಡು ಸಮಭಾಜಕದಿಂದ ಮೇಲೆ ಬಂದೆ. ಸಮುದ್ರ, ಸಮುದ್ರ, ಕೇರಳದ ಕರಾವಳಿ, ಘಟ್ಟ, ಶಿರಸಿಯ ಕಾಡು. ಬೆರಳಿನ ಮುಂದೆ ಧಾರವಾಡ, ಉಗುರಿನ ಅಂಚಿಗೆ ಹುಬ್ಬಳ್ಳಿ. ಬೆರಳನ್ನು ತೆಗೆದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಹೆಂಡತಿ ಅದನ್ನು ಗಟ್ಟಿಯಾಗಿ ಹಿಡಿದಿದ್ದಳು.

‘ಅವ್ವಾ, ಇಲ್ಲೆ ಬಾ. ಆಕಾಶದಾಗೂ ಇಳಿಜಾರು ಹುಬ್ಬಳ್ಳಿ ಕಡೆಗೇ ಐತಂತ.’

ನಾನು ಆತುರದಿಂದ ಅಂಕಿಅಂಶಕ್ಕೆ ಮೊರೆಹೋದೆ. ಸೂರ್ಯಚಂದ್ರರ ಎಳೆತವನ್ನು ಸರಿದೂಗಿಸಲು ವರ್ಷಕ್ಕೆ ಸೆಕೆಂಡಿಗೆ ಐವತ್ತು ಮೀಟರಿನಷ್ಟು ವೇಗ ತುಂಬಬೇಕು; ಈ ತಗ್ಗಿನ ಎಳೆತಕ್ಕೆ ಹೆಚ್ಚೆಂದರೆ ಎರಡು ಮೀಟರ್. ಏನೇನೂ ಅಲ್ಲ, ಕ್ಷುಲ್ಲಕ.

‘ಮೆತ್ತಗ ಎಳೀತೈತಿ, ಆದ್ರ ಬಿಡೂದಿಲ್ಲ’ ಎಂದಳು. ಮದುವೆಯಾದಂದಿನಿಂದ ಅವಳು ನನ್ನ ಜೊತೆ ದನಿ ಎತ್ತಿ ಜಗಳವಾಡಿಲ್ಲ ಎಂಬುದು ಆಗ ನೆನಪಾಗಿ ಬೆನ್ನಲ್ಲಿ ಸಣ್ಣಗೆ ಚಳಿಯಾಯಿತು.

ಇನ್ನೊಂದು ಆಕ್ಷೇಪ ಎತ್ತಿದೆ. ಜಾರಿದ ಉಪಗ್ರಹ 75ರಲ್ಲಿ ನಿಲ್ಲುವುದಿಲ್ಲ. ಅದೇ ಓಟದಲ್ಲಿ ಆಚೆ ಬದಿಗೂ ಅಷ್ಟೇ ದೂರ ಹೋಗಿ, ಮತ್ತೆ ಹಿಂದೆ ಬಂದು, ಎರಡು ವರ್ಷಕ್ಕೂ ಮಿಕ್ಕಿದ ಒಂದೊಂದು ತೂಗಿನಲ್ಲಿ ಅಲೆಯುತ್ತಲೇ ಇರುತ್ತದೆ. ಬೇರೆ ಬೇರೆ ದೇಶಗಳ ಸತ್ತ ಉಪಗ್ರಹಗಳು ನಿಜಕ್ಕೂ ಅಲ್ಲಿ ಹೀಗೆ ತೂಗುತ್ತಿವೆ. ಅತ್ತೆಗೆ ಇದು ಅಚ್ಚರಿಯೆನಿಸಲಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದ, 1,507 ಮೀಟರ್. 2023ರಲ್ಲಿ ಪ್ರಧಾನಿಯೇ ಉದ್ಘಾಟಿಸಿದ್ದು. ‘ಅಷ್ಟು ಉದ್ದ ಎದಕ ಮಾಡ್ಯಾರ ಅಂತೀರಿ? ದಾಟಿ ಹೋಗಬಾರ್ದು ಅಂತನ’ ಎಂದರು.

ನನ್ನ ಹತ್ತಿರ ಉಳಿದದ್ದು ಇನ್ಸಾಟ್-4ಬಿ ಒಂದೇ. 2007ರ ಮಾರ್ಚ್‌ನಲ್ಲಿ ಕುರೂವಿನಿಂದ ಹೋಗಿ ಇದೇ 93.5ರಲ್ಲಿ ನಿಂತು, ಲಕ್ಷಾಂತರ ಮನೆಗಳ ಛತ್ರಿಗೆ ಚಿತ್ರ ಸುರಿದದ್ದು. 2010ರ ಜುಲೈನಲ್ಲಿ ಅದರ ಒಂದು ಸೌರಫಲಕದ ವಿದ್ಯುತ್ತು ಕೈಕೊಟ್ಟು ಅರ್ಧ ಟ್ರಾನ್ಸ್‌ಪಾಂಡರುಗಳು ಆರಿಹೋದವು. (ಈ ವಾಕ್ಯ ಹೇಳುವಾಗ ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿದೆ, ಬಲಗೈಯಲ್ಲೂ ಕೊಡ ಹೊರಬೇಕಾದೀತು.) ಆದರೂ ಅದು ತನ್ನ ಆಯುಸ್ಸು ಮುಗಿಸಿತು. 2022ರ ಜನವರಿಯಲ್ಲಿ ಇಸ್ರೊದವರು ಉಳಿದ ಕೊನೆಯ ಇಂಧನ ಬಳಸಿ, ಒಂದು ವಾರ ಹಂತಹಂತವಾಗಿ ಅದನ್ನು ಸ್ಥಿರಕಕ್ಷೆಗಿಂತ ಸುಮಾರು 340 ಕಿ.ಮೀ. ಮೇಲಕ್ಕೆ ಏರಿಸಿ, ಬ್ಯಾಟರಿ ಬಿಚ್ಚಿ, ಶಾಶ್ವತವಾಗಿ ನಿವೃತ್ತಿಗೊಳಿಸಿದರು. ಅದು ಕೆಳಗಿನ ತಗ್ಗಿಗೆ ಜಾರುವ ಪ್ರಶ್ನೆಯೇ ಇಲ್ಲ. ‘ನೋಡಿದೆಯಾ? ಹಾಸನದವರು ಕೊನೆಯ ಹನಿ ಎಣ್ಣೆಯನ್ನೂ ಅದು ಹುಬ್ಬಳ್ಳಿ ಸೇರದಂತೆ ನೋಡಿಕೊಳ್ಳಲು ಖರ್ಚು ಮಾಡಿದರು!’

ಒಂದು ಕ್ಷಣ ಮನೆಯಲ್ಲಿ ಮೌನ. ನಾನು ಗೆದ್ದಿದ್ದೆ.

‘ಈಗ ಅದು ಅಲ್ಲೇ ನಿಂತೈತೇನ್ರೀ?’ ಹೆಂಡತಿ ಮೆತ್ತಗೆ ಕೇಳಿದಳು.

ನನಗೊಂದು ಚಟವಿದೆ: ಲೆಕ್ಕ ಗೊತ್ತಿದ್ದರೆ ಹೇಳದೆ ಇರಲಾರೆ. ನಿಂತಿಲ್ಲ, ಎಂದೆ. ಎತ್ತರ ಹೆಚ್ಚಿದರೆ ವೇಗ ಕಡಿಮೆ. 340 ಕಿ.ಮೀ. ಮೇಲೆ ಹೋದದ್ದು ಭೂಮಿಯ ತಿರುಗಿನಿಂದ ದಿನಕ್ಕೆ ನಾಲ್ಕು ಡಿಗ್ರಿಗೂ ಹೆಚ್ಚು ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬೀಳುತ್ತ ಬೀಳುತ್ತ ಎಲ್ಲ ರೇಖಾಂಶಗಳನ್ನೂ ದಾಟಿ, ಮೂರು ತಿಂಗಳೊಳಗೆ ಇಡೀ ಒಂದು ಸುತ್ತು ಮುಗಿಸುತ್ತದೆ.

‘ಎಲ್ಲಾ ಅಂದ್ರ 75ನೂ?’

‘...75ನ್ನೂ.’

‘ಸತ್ತ ಮ್ಯಾಲೂ ಮೂರು ತಿಂಗಳಿಗೊಮ್ಮೆ ಬರ್ತೈತಿ ಅಂದ್ಹಂಗಾತು. ಸತ್ತ ಮ್ಯಾಲ ಬರೂದ್ಯಾಕ್ರೀ? ಇದ್ದಾಗ ಹೋಗೂಣು.’

ಗೋಕುಲ ರಸ್ತೆಯ ಕಡೆ ಒಂದು ಚಿಕ್ಕ ಮನೆ ನೋಡಿದ್ದಾರೆ. ಮುಂಗಡವೂ ಆಗಿದೆ. ನಾನು ವಿರೋಧಿಸಲಿಲ್ಲ, ಕೋನ ಲೆಕ್ಕ ಹಾಕಿದೆ. ಕುಂಕಳ್ಳಿಯ ಈ ತಟ್ಟೆಯನ್ನು ಹುಬ್ಬಳ್ಳಿಗೆ ಒಯ್ದರೆ ಎರಡು ಡಿಗ್ರಿ ದಕ್ಷಿಣಕ್ಕೆ ತಿರುಗಿಸಿ ಒಂದು ಡಿಗ್ರಿ ಮೇಲೆತ್ತಿದರೆ ಸಾಕು. ಹಾಸನವಾದರೆ ಮೂರು ಡಿಗ್ರಿಗೂ ಮಿಕ್ಕಿ ಎತ್ತಬೇಕು. ಈ ಭುಜದಲ್ಲಿ ಅದು ಆಗದ ಮಾತು. ತಮ್ಮನಿಗೆ ಫೋನು ಮಾಡಿ, ‘ಭುಜದ ದೆಸೆಯಿಂದ ಹುಬ್ಬಳ್ಳಿಗೆ ಹೋಗಬೇಕಾಗಿದೆ ಕಣೋ’ ಎಂದೆ. ‘ಭುಜಕ್ಕೂ ಹುಬ್ಬಳ್ಳಿಗೂ ಏನಣ್ಣ ಸಂಬಂಧ?’ ಎಂದ. 35,786 ಕಿಲೋಮೀಟರಿನಿಂದ ಶುರುಮಾಡಿದೆ. ಇನ್ನೂ ಸಮಭಾಜಕಕ್ಕೆ ಬಂದಿರಲಿಲ್ಲ, ಲೈನು ಕಟ್ಟಾಯಿತು. ಮಳೆಯಂತೂ ಇರಲಿಲ್ಲ.